ಹಂಪನಕಟ್ಟೆಯಲ್ಲಿ ನಿಲ್ಲಬೇಕಾದದ್ದು ಕಾರೋ, ಬಸ್ಸೋ?

ಮಂಗಳೂರಿನ ಹಂಪನಕಟ್ಟೆಗೆ ಆ ಹೆಸರು ಬಂದ ಬಗ್ಗೆ ಹಿರಿಯರು ಹೇಳುವ ಒಂದು ಕಥೆಯುಂಟು. ಅಪ್ಪಣ್ಣ ಎಂಬವರೊಬ್ಬರು ಇಲ್ಲಿನ ಕಟ್ಟೆಯೊಂದರಲ್ಲಿ ಕುಳಿತು ದಾರಿಹೋಕರ ಬಾಯಾರಿಕೆ ತಣಿಸುತ್ತಿದ್ದರಂತೆ. ಅಪ್ಪಣ್ಣನ ಕಟ್ಟೆ ಜನರ ಬಾಯಲ್ಲಿ ಸವೆದು ಹಂಪನಕಟ್ಟೆಯಾಯಿತಂತೆ. ಈ ಕಥೆ ಎಷ್ಟರಮಟ್ಟಿಗೆ ಸತ್ಯ ಎಂಬುದನ್ನು ಇತಿಹಾಸ ಬಲ್ಲವರು ಹೇಳಬೇಕು. ನಡೆದು ಬಂದವನು ಕುಳಿತು ಸುಧಾರಿಸಿಕೊಳ್ಳುವ ಜಾಗವೇ ಒಂದು ಊರಿನ ನಡುಮಧ್ಯಕ್ಕೆ ಹೆಸರು ಕೊಟ್ಟಿತು ಎಂಬ ಮಾತನ್ನು ಮಾತ್ರ ನಾವು ಇಲ್ಲಿ ನೆನಪಿಸಲು ಬಯಸುತ್ತೇವೆ. ಏಕೆಂದರೆ ಅದೇ ಹಂಪನಕಟ್ಟೆಯ ಹಳೆ ಬಸ್ ನಿಲ್ದಾಣದ ಜಾಗದಲ್ಲಿ ಬಹುಮಹಡಿ ಕಾರು ಪಾರ್ಕಿಂಗ್ ಕಟ್ಟುವ ಯೋಜನೆ ಹಲವು ವರ್ಷಗಳಿಂದ ನಗರದಲ್ಲಿ ಚರ್ಚೆಯಲ್ಲಿದೆ. ನಮ್ಮ ಧರ್ಮಕೇಂದ್ರಗಳ ಜನರೂ ಈ ಬಗ್ಗೆ ಪರವಾಗಿ, ವಿರೋಧವಾಗಿ ಮಾತನಾಡುವುದನ್ನು ನಾವು ಕೇಳಿದ್ದೇವೆ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ನಾವು ಕಾರು ಬಿಟ್ಟು ಸಿಟಿ ಬಸ್ಸಿನಲ್ಲಿ ಹಂಪನಕಟ್ಟೆಗೆ ಬಂದಿಳಿದೆವು. ಮಳೆ ಜೋರಾಗಿತ್ತು. ಬಸ್ಸು ನಿಂತದ್ದು ರಸ್ತೆಯ ಅಂಚಿನಲ್ಲಲ್ಲ, ಅಂಚಿನಲ್ಲಿ ಸಾಲಾಗಿ ನಿಂತಿದ್ದ ಕಾರುಗಳ ಹೊರಬದಿಯಲ್ಲಿ. ಕಂಡಕ್ಟರ್ 'ರೈಟ್ ಪೋಯಿ' ಎನ್ನುವಷ್ಟರಲ್ಲಿ ಇಳಿಯಬೇಕು, ಹಿಂದಿನಿಂದ ಬರುವ ಸ್ಕೂಟರು ತಪ್ಪಿಸಬೇಕು, ಎರಡು ಕಾರುಗಳ ನಡುವಿನ ಸಂದಿಯಲ್ಲಿ ಕೊಡೆ ಮಡಚಿ ನುಸುಳಿ ಕಾಲುದಾರಿ ಹತ್ತಬೇಕು. ನಮ್ಮೊಂದಿಗೇ ಇಳಿದ ಹಿರಿಯ ಮಹಿಳೆಯೊಬ್ಬರ ಕೈಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಎಕ್ಸ್-ರೇ ಇತ್ತು. ಸರಕಾರಿ ಆಸ್ಪತ್ರೆಗೆ ಹೊರಟವರು. ಅಂಗಡಿಯೊಂದರ ಮೆಟ್ಟಿಲ ಮೇಲೆ ನಿಂತು ಉಸಿರು ಬಿಡುತ್ತಾ, "ಕೂತುಕೊಳ್ಳಲಿಕ್ಕೆ ಒಂದು ಕಲ್ಲಾದ್ರೂ ಬೇಕಿತ್ತಲ್ಲ ಫಾದರ್" ಎಂದರು. ಅಂಗಡಿಯವರು ಒಳಗಿನಿಂದ ಸ್ಟೂಲು ತಂದುಕೊಟ್ಟರು. ಒಳ್ಳೆಯ ಮನುಷ್ಯ. ಆದರೆ ಒಂದು ನಗರದ ಸಾರ್ವಜನಿಕ ಸಾರಿಗೆ ಅಂಗಡಿಯವರ ಸ್ಟೂಲಿನ ಮೇಲೆ ನಿಲ್ಲಬಾರದು.

ಯೋಜನೆಯ ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ಹಂಪನಕಟ್ಟೆಯಲ್ಲಿದ್ದ ಬಸ್ ನಿಲ್ದಾಣ ದಶಕಗಳ ಹಿಂದೆ ಸ್ಟೇಟ್ ಬ್ಯಾಂಕ್ ಬಳಿಗೆ ಸ್ಥಳಾಂತರವಾಯಿತು. ಖಾಲಿಯಾದ ಜಾಗ ವಾಹನ ನಿಲುಗಡೆಯ ಬಯಲಾಯಿತು. 2015ರ ಜೂನ್ 25ರಂದು ಕೇಂದ್ರ ಸರಕಾರ ಸ್ಮಾರ್ಟ್ ಸಿಟಿ ಮಿಷನ್ ಆರಂಭಿಸಿತು. 2016ರಲ್ಲಿ ಮಂಗಳೂರು ಅದಕ್ಕೆ ಆಯ್ಕೆಯಾಯಿತು. ಕೇಂದ್ರದಿಂದ ಐದು ವರ್ಷಗಳಲ್ಲಿ 500 ಕೋಟಿ ರೂಪಾಯಿ, ರಾಜ್ಯದ ಕಡೆಯಿಂದ ಅಷ್ಟೇ ಮೊತ್ತ ಎಂಬುದು ಮಿಷನ್‌ನ ಲೆಕ್ಕ. ಹಂಪನಕಟ್ಟೆಯ ಪಾರ್ಕಿಂಗ್ ಕಟ್ಟಡ ಈ ಮಿಷನ್‌ನಡಿ ಬಂದರೂ ಖಾಸಗಿ ಸಹಭಾಗಿತ್ವದ, ಅಂದರೆ ಪಿಪಿಪಿ ಮಾದರಿಯ ಯೋಜನೆ. ಪಾರ್ಕಿಂಗ್ ಜೊತೆಗೆ ವಾಣಿಜ್ಯ ಮಳಿಗೆಗಳೂ ಇವೆ. ನೆಲ ಅಗೆದ ಮೇಲೆ ಕೆಲಸ ವರ್ಷಗಟ್ಟಲೆ ಕುಂಟಿತು. ಮಿಷನ್ 2025ರ ಮಾರ್ಚ್ 31ಕ್ಕೆ ಮುಕ್ತಾಯವಾಯಿತು. ವಿಳಂಬದ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ, ನಾವು ಮತ್ತೆ ಬರೆಯುವುದಿಲ್ಲ. ಕಟ್ಟಡ ಯಾವಾಗ ಮುಗಿದರೂ ಅದು ಯಾರಿಗಾಗಿ ಎಂಬುದು ನಮ್ಮ ಪ್ರಶ್ನೆ.

ಮಂಗಳೂರಿಗೆ ಒಂದು ಬಸ್ ನಿಲ್ದಾಣವಿಲ್ಲ, ಮೂರಿವೆ ಅಥವಾ ಎರಡೂವರೆ ಇವೆ ಎನ್ನಬೇಕು. ಕೆಎಸ್‌ಆರ್‌ಟಿಸಿ ನಿಲ್ದಾಣ ಬಿಜೈಯಲ್ಲಿ. ಖಾಸಗಿ ಸಿಟಿ ಮತ್ತು ಸರ್ವಿಸ್ ಬಸ್ಸುಗಳು ಸ್ಟೇಟ್ ಬ್ಯಾಂಕಿನಲ್ಲಿ. ಪಂಪ್‌ವೆಲ್‌ನಲ್ಲಿ ನಿಲ್ದಾಣ ಮಾಡುತ್ತೇವೆಂದು ಪಾಲಿಕೆ ಎಕರೆಗಟ್ಟಲೆ ಜಾಗ ಸ್ವಾಧೀನಪಡಿಸಿಕೊಂಡು ಒಂದೂವರೆ ದಶಕ ಕಳೆಯಿತು. ಮಂಗಳೂರು ಸೆಂಟ್ರಲ್ ರೈಲು ನಿಲ್ದಾಣ ಹಂಪನಕಟ್ಟೆಯಿಂದ ನಡೆದೇ ಹೋಗುವಷ್ಟು ದೂರದಲ್ಲಿದೆ, ಆದರೆ ಮಳೆಯಲ್ಲಿ ನೆನೆಯದೆ, ವಾಹನಗಳಿಗೆ ಅಂಜದೆ ನಡೆಯುವ ದಾರಿ ಅಲ್ಲಿಲ್ಲ. ಇವೆಲ್ಲದರ ನಡುವೆ ವೆನ್ಲಾಕ್ ಮತ್ತು ಲೇಡಿ ಗೋಶನ್ ಆಸ್ಪತ್ರೆಗಳಿವೆ. ಎರಡೂ ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಬಡವರನ್ನು ಕಾಯುತ್ತಿರುವ ಸಂಸ್ಥೆಗಳು. ಮಲೆನಾಡಿನಿಂದ ಸರಕಾರಿ ಬಸ್ಸಿನಲ್ಲಿ ಬಂದ ರೋಗಿ ಬಿಜೈಯಲ್ಲಿ ಇಳಿದು ಎರಡು-ಮೂರು ಕಿಲೋಮೀಟರ್ ದೂರಕ್ಕೆ ಇನ್ನೊಂದು ಬಸ್ಸು ಹಿಡಿಯಬೇಕು, ಇಲ್ಲವೇ ರಿಕ್ಷಾಕ್ಕೆ ದುಡ್ಡು ತೆರಬೇಕು. ಕಾಸರಗೋಡಿನಿಂದ ರೈಲಿನಲ್ಲಿ ಬಂದವನ ಪಾಡೂ ಹೆಚ್ಚು ಭಿನ್ನವಲ್ಲ.

ಇಲ್ಲಿ ನಮ್ಮ ಜಿಲ್ಲೆಗೇ ವಿಶಿಷ್ಟವಾದ ಸಂಗತಿಯೊಂದಿದೆ. ಘಟ್ಟದ ಮೇಲಿನ ಬಹುತೇಕ ಜಿಲ್ಲೆಗಳಲ್ಲಿ ಬಸ್ಸು ಎಂದರೆ ಸರಕಾರಿ ಬಸ್ಸು. ದಕ್ಷಿಣ ಕನ್ನಡ, ಉಡುಪಿಯಲ್ಲಿ ಬಸ್ಸು ಎಂದರೆ ಮೊದಲು ಖಾಸಗಿ ಬಸ್ಸು. ಅದರಿಂದ ನಮಗೆ ಲಾಭವೂ ಆಗಿದೆ. ಮೂಲೆ ಮೂಲೆಯ ಹಳ್ಳಿಗೂ ಟ್ರಿಪ್ ಉಂಟು, ಕೈ ತೋರಿಸಿದಲ್ಲಿ ನಿಲ್ಲುತ್ತದೆ, ಕಂಡಕ್ಟರಿಗೆ ಊರವರ ಗುರುತು ಇದೆ. ಆದರೆ 2023ರ ಜೂನ್ 11ರಂದು ರಾಜ್ಯ ಸರಕಾರ ಶಕ್ತಿ ಯೋಜನೆ ಆರಂಭಿಸಿದಾಗ ಅದರ ಇನ್ನೊಂದು ಮುಖ ಕಂಡಿತು. ಮಹಿಳೆಯರಿಗೆ ಉಚಿತ ಪ್ರಯಾಣ ಸರಕಾರಿ ಬಸ್ಸಿನಲ್ಲಿ ಮಾತ್ರ. ಮೈಸೂರು, ಹಾಸನದ ಮಹಿಳೆ ಕೆಲಸಕ್ಕೆ, ಸಂತೆಗೆ, ಆಸ್ಪತ್ರೆಗೆ ದುಡ್ಡಿಲ್ಲದೆ ಹೋಗಿ ಬಂದಳು. ಮಂಗಳೂರಿನ ಮನೆಕೆಲಸದ ಮಹಿಳೆ, ಬಂದರಿನಿಂದ ಮೀನಿನ ಬುಟ್ಟಿ ಹೊತ್ತು ಹೊರಟ ಮಹಿಳೆ, ಅಂಗಡಿಯ ಸೇಲ್ಸ್‌ಗರ್ಲ್ ಎಂದಿನಂತೆ ಟಿಕೆಟಿಗೆ ದುಡ್ಡು ಎಣಿಸಿದಳು. ನಗರದ ಒಳಗೆ ಅವಳ ದಾರಿಯಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು ತಾನೆ? ಹೀಗೆ ದುಡ್ಡು ಕೊಟ್ಟು ಬಸ್ಸಿನಲ್ಲಿ ಬರುವವಳಿಗೆ ನಗರದ ಕೇಂದ್ರದಲ್ಲಿ ನಿಲ್ಲಲು ಸೂರು ಸಿಗುತ್ತದೆಯೇ, ಅಥವಾ ಆ ಸೂರು ಕಾರಿಗೆ ಸಿಗುತ್ತದೆಯೇ? ಪ್ರಶ್ನೆ ಕೇವಲ ಇಂಜಿನಿಯರಿಂಗಿನದ್ದಲ್ಲ ಎಂದು ನಾವು ಹೇಳುವುದು ಇದಕ್ಕೇ.

ಸ್ವಲ್ಪ ಲೆಕ್ಕ ಮಾಡೋಣ. ನಗರ ಯೋಜನೆಯವರು ಕಾರು ನಿಲುಗಡೆಗೆ ಬಳಸುವ ಅಳತೆಯೊಂದಿದೆ. ಬಯಲಿನಲ್ಲಾದರೆ ಒಂದು ಕಾರಿಗೆ 23 ಚದರ ಮೀಟರ್, ಕಟ್ಟಡದ ನೆಲಮಟ್ಟದಲ್ಲಾದರೆ 28, ನೆಲಮಾಳಿಗೆಯಲ್ಲಾದರೆ 32. ಕಾರು ನಿಲ್ಲುವ ಚೌಕ ಸಣ್ಣದೇ, ಆದರೆ ಅದು ಒಳಗೆ ಬರಲು, ತಿರುಗಲು, ಹೊರಗೆ ಹೋಗಲು ಬೇಕಾದ ಜಾಗವೂ ಇದರಲ್ಲಿ ಸೇರುತ್ತದೆ. ಇನ್ನು ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ನಗರದ ಬಡ ಕುಟುಂಬಕ್ಕೆ ನಿಗದಿಯಾದ ಮನೆಯ ಒಳಅಳತೆ 30 ಚದರ ಮೀಟರ್. ಐದು ಮಂದಿಯ ಸಂಸಾರಕ್ಕೆ ಮೂವತ್ತು, ಒಂದು ಕಾರಿಗೆ ಮೂವತ್ತೆರಡು! ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರು ಯೋಜನಾ ಕಚೇರಿಗಳಲ್ಲಿ ಎಷ್ಟು ಮಂದಿಯೋ ತಿಳಿಯದು.

ಈಗ ಬಸ್ಸಿನ ಲೆಕ್ಕ. ಹನ್ನೆರಡು ಮೀಟರ್ ಉದ್ದದ ಬಸ್ಸು ನಿಲ್ಲಲು ಮೂರೂವರೆ ಮೀಟರ್ ಅಗಲ ಕೊಟ್ಟರೆ 42 ಚದರ ಮೀಟರ್ ಆಯಿತು. ಹಿಂದೆ ಮುಂದೆ ಹೋಗಲು, ಜನ ನಿಲ್ಲಲು ಅದರ ಮೂರು ಪಟ್ಟು ಕೊಡೋಣ, 126. ಐದು ನಿಮಿಷಕ್ಕೊಂದು ಬಸ್ಸು, ಒಂದು ಬಸ್ಸಿನಲ್ಲಿ ನಲವತ್ತು ಜನ ಎಂದಿಟ್ಟುಕೊಂಡರೆ ಗಂಟೆಗೆ 480 ಮಂದಿ. ಅಷ್ಟೇ ಜಾಗದಲ್ಲಿ ನಾಲ್ಕು ಕಾರು ನಿಲ್ಲುತ್ತವೆ. ಒಂದೊಂದರಲ್ಲಿ ಇಬ್ಬರು ಬಂದು ಎರಡು ಗಂಟೆ ಕಾರು ನಿಲ್ಲಿಸಿದರೆ ಗಂಟೆಗೆ ನಾಲ್ಕು ಮಂದಿಗೆ ಉಪಯೋಗ. ಪಾರ್ಕಿಂಗನ್ನು ಐದು ಮಹಡಿ ಏರಿಸಿದರೂ ಇಪ್ಪತ್ತು. ಬಸ್ಸುಗಳು ಅರ್ಧ ಖಾಲಿ ಬಂದರೂ ಇನ್ನೂರ ನಲವತ್ತು. ಇದು ನಮ್ಮ ಕೈಲೆಕ್ಕವೇ ಹೊರತು ಯಾವ ಸಮೀಕ್ಷೆಯದ್ದೂ ಅಲ್ಲ. ಅಂಕಿಗಳನ್ನು ಓದುಗರು ತಮಗೆ ಸರಿ ಕಂಡಂತೆ ಬದಲಿಸಿ ನೋಡಬಹುದು. ಎಷ್ಟು ಬದಲಿಸಿದರೂ ತಕ್ಕಡಿ ವಾಲುವ ಕಡೆ ಬದಲಾಗುವುದಿಲ್ಲ.

ಹಾಗಾದರೆ ಪಾರ್ಕಿಂಗ್ ಕಟ್ಟಡವೇ ಬೇಡವೇ? ಹಾಗೆ ಹೇಳಿದರೆ ಅನ್ಯಾಯವಾದೀತು. ಮೊಣಕಾಲು ನೋವಿನ ಹಿರಿಯರು, ಅಂಗವಿಕಲರು, ಗರ್ಭಿಣಿಯನ್ನು ಆಸ್ಪತ್ರೆಗೆ ಕರೆತರುವವರು ಕಾರಿನಲ್ಲಿ ಬರುತ್ತಾರೆ. ಗ್ರಾಮದ ಬಸ್ಸು ಸಂಜೆ ಏಳಕ್ಕೇ ನಿಂತುಹೋಗುವ ಕಡೆಯವರು ಸ್ವಂತ ವಾಹನವನ್ನೇ ನಂಬಬೇಕು. ಹಂಪನಕಟ್ಟೆಯ ವ್ಯಾಪಾರಿಗಳ ಅಳಲೂ ಸುಳ್ಳಲ್ಲ. ನಿಲ್ಲಿಸಲು ಜಾಗವಿಲ್ಲವೆಂದು ಗಿರಾಕಿ ಮಾಲಿಗೆ ಹೋಗುತ್ತಾನೆ. ಎಲ್ಲಕ್ಕಿಂತ ಮಿಗಿಲಾಗಿ, ರಸ್ತೆಯ ಎರಡೂ ಬದಿ ನಿಂತ ಕಾರುಗಳೇ ಬಸ್ಸಿನ ದಾರಿಯನ್ನು ಕಟ್ಟಿಹಾಕುತ್ತಿವೆ. ಆ ಕಾರುಗಳನ್ನು ಕಟ್ಟಡದೊಳಗೆ ಕಳುಹಿಸಿ ರಸ್ತೆಯ ಅಂಚನ್ನು ಬಸ್ಸಿಗೆ, ಪಾದಚಾರಿಗೆ ಬಿಟ್ಟುಕೊಡುವುದಾದರೆ ಪಾರ್ಕಿಂಗ್ ಕಟ್ಟಡ ಬಸ್ಸಿನ ಗೆಳೆಯನೇ ಆಗುತ್ತದೆ. ಈ 'ಆದರೆ'ಯಲ್ಲೇ ಎಲ್ಲವೂ ಇದೆ.

ಸ್ವಿಜರ್ಲೆಂಡಿನ ಝೂರಿಕ್ ನಗರ 1996ರಲ್ಲಿ ಒಂದು ರಾಜಿಸೂತ್ರ ಮಾಡಿಕೊಂಡಿತು. ನಗರ ಕೇಂದ್ರದ ಒಟ್ಟು ನಿಲುಗಡೆಯ ಸಂಖ್ಯೆ 1990ರಲ್ಲಿ ಎಷ್ಟಿತ್ತೋ ಅದಕ್ಕಿಂತ ಹೆಚ್ಚಾಗಬಾರದು. ಹೊಸ ಕಟ್ಟಡದೊಳಗೆ ಒಂದು ಜಾಗ ಮಾಡಿದರೆ ರಸ್ತೆಯ ಮೇಲಿನ ಒಂದು ಜಾಗ ಅಳಿಸಬೇಕು. ವ್ಯಾಪಾರಿಗಳಿಗೂ ಒಪ್ಪಿಗೆಯಾಯಿತು, ಟ್ರಾಮಿನಲ್ಲಿ ಓಡಾಡುವವರಿಗೂ ಒಪ್ಪಿಗೆಯಾಯಿತು. ಅಷ್ಟು ದೂರ ಹೋಗುವುದು ಬೇಡ ಎನ್ನುವವರು ಬೆಂಗಳೂರಿನ ಫ್ರೀಡಂ ಪಾರ್ಕ್ ಬಳಿಯ ಬಹುಮಹಡಿ ಪಾರ್ಕಿಂಗನ್ನು ನೋಡಬಹುದು. ಕಟ್ಟಿದ ಮೇಲೂ ಬಹುಕಾಲ ಬೀಗ ಹಾಕಿಕೊಂಡಿದ್ದ ಆ ಕಟ್ಟಡ 2024ರಲ್ಲಿ ತೆರೆಯಿತು. ತೆರೆದ ಮೊದಲ ದಿನಗಳಲ್ಲಿ ಅದೇ ಕಾರುಗಳಿಗಾಗಿ ಕಾಯಬೇಕಾಯಿತು. ಹೊರಗೆ ರಸ್ತೆಯಲ್ಲಿ ಬಿಟ್ಟಿಯಾಗಿ ನಿಲ್ಲಿಸಲು ಸಿಗುವಾಗ ಒಳಗೆ ದುಡ್ಡು ಕೊಟ್ಟು ಯಾರು ನಿಲ್ಲಿಸುತ್ತಾರೆ? ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ 2005ರಲ್ಲಿ ಪ್ರಕಟಿಸಿದ ದಪ್ಪನೆಯ ಪುಸ್ತಕವೊಂದರಲ್ಲಿ ಇದನ್ನೇ ವಿವರಿಸಿದ್ದರು. ಅವರು ನಿಧನರಾದದ್ದು 2025ರಲ್ಲಿ. ಬಿಟ್ಟಿ ಪಾರ್ಕಿಂಗ್ ಎಂಬುದು ಇಲ್ಲವೇ ಇಲ್ಲ, ಅದರ ವೆಚ್ಚವನ್ನು ಕಾರಿಲ್ಲದವನೂ ಸೇರಿ ಎಲ್ಲರೂ ಭರಿಸುತ್ತಾರೆ ಎಂಬುದು ಅವರ ವಾದದ ತಿರುಳು. ನಮ್ಮ ದೇಶದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೂ ಇದಕ್ಕಿಂತ ದೂರವಿಲ್ಲ. ಚಲಿಸಬೇಕಾದದ್ದು ಜನರು, ವಾಹನಗಳಲ್ಲ ಎಂಬ ನೆಲೆಯಲ್ಲಿ ಹೊರಟ ಆ ನೀತಿ, ಪಾರ್ಕಿಂಗ್ ಶುಲ್ಕ ಆ ನೆಲದ ನಿಜವಾದ ಬೆಲೆಯನ್ನು ತೋರಿಸಬೇಕು ಎಂದಿತು. ಜಾಗ ಹಂಚುವಾಗ ಸಾರ್ವಜನಿಕ ಸಾರಿಗೆಗೆ, ಸೈಕಲ್ಲಿಗೆ ಆದ್ಯತೆ ಎಂದಿತು. ನಗರ ಕೇಂದ್ರಗಳಲ್ಲಿ ಬಹುಮಹಡಿ ಪಾರ್ಕಿಂಗ್ ಇರಲಿ ಎಂದೂ ಹೇಳಿತು. ನಮ್ಮ ನಗರಗಳು ಕೊನೆಯ ಮಾತನ್ನು ಮಾತ್ರ ಕೇಳಿಸಿಕೊಂಡವು.

ಇಲ್ಲೊಂದು ಹಳೆಯ ನೆನಪು. ಹಂಪನಕಟ್ಟೆಯ ಗಡಿಯಾರ ಗೋಪುರವನ್ನು ಹಿಂದೊಮ್ಮೆ ವಾಹನ ಸಂಚಾರಕ್ಕೆ ಅಡ್ಡಿಯೆಂದು ಕೆಡವಲಾಗಿತ್ತು. ಸ್ಮಾರ್ಟ್ ಸಿಟಿ ಕಾಲದಲ್ಲಿ ಹತ್ತಿರದಲ್ಲೇ ಮತ್ತೆ ಕಟ್ಟಲಾಯಿತು. ವಾಹನಗಳು ಕಡಿಮೆಯಾಗಿದ್ದವೇ? ಇಲ್ಲ. ಊರಿಗೆ ಏನು ಬೇಕೆಂಬುದನ್ನು ಊರು ತಡವಾಗಿ ನೆನಪಿಸಿಕೊಂಡಿತು ಅಷ್ಟೆ.

ಪಾರ್ಕಿಂಗ್ ಮತ್ತು ಬಸ್ಸು ಒಂದೇ ಸೂರಿನಡಿ ಇರಬೇಕು ಎಂಬ ವಿಚಾರ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನಲ್ಲಿ ಬಿಎಂಟಿಸಿ ಜೆನರ್ಮ್ ಅನುದಾನದಲ್ಲಿ ಟಿಟಿಎಂಸಿ ಎಂಬ ಹತ್ತು ಕೇಂದ್ರಗಳನ್ನು ಕಟ್ಟಿತು. ಜಯನಗರ, ಶಾಂತಿನಗರ, ಯಶವಂತಪುರ, ವಿಜಯನಗರ, ಕೆಂಗೇರಿ ಮುಂತಾದೆಡೆ ಅವು ಇವೆ. ಸ್ಕೂಟರು ನೆಲಮಾಳಿಗೆಯಲ್ಲಿಟ್ಟು ಬಸ್ಸು ಹತ್ತಿ ಕೆಲಸಕ್ಕೆ ಹೋಗಿ, ಸಂಜೆ ಇಳಿದು ತರಕಾರಿ ಕೊಂಡು ಮನೆಗೆ ಹೋಗುವುದು ಅದರ ಕಲ್ಪನೆ. ಕಲ್ಪನೆ ಚೆನ್ನಾಗಿತ್ತು. ಆದರೆ ಹಲವು ಕಡೆ ಮೇಲಿನ ವಾಣಿಜ್ಯ ಮಹಡಿಗಳಿಗೆ ಬಾಡಿಗೆದಾರರು ಸಿಗದೆ ವರ್ಷಗಟ್ಟಲೆ ಖಾಲಿ ಬಿದ್ದವು. ಕೆಲವನ್ನು ಸರಕಾರಿ ಕಚೇರಿಗಳೇ ತುಂಬಬೇಕಾಯಿತು. ಸಾರಿಗೆ ಆಯುಕ್ತರ ಕಚೇರಿ ಇರುವುದು ಶಾಂತಿನಗರದ ಟಿಟಿಎಂಸಿಯಲ್ಲಿ. ಆದರೂ ಒಂದು ವಿಷಯವನ್ನು ಮೆಚ್ಚಬೇಕು. ಕಟ್ಟಡದ ಒಡೆತನ ಬಸ್ಸು ಓಡಿಸುವ ಸಂಸ್ಥೆಯದ್ದಾಗಿತ್ತು. ಮೇಲೆ ಖಾಲಿಯಿದ್ದರೂ ಕೆಳಗೆ ಬಸ್ಸು ಬರುತ್ತಿತ್ತು.

ಹಂಪನಕಟ್ಟೆಯ ಮಾದರಿಯಲ್ಲಿ ಈ ಭರವಸೆ ಇಲ್ಲ. ಖಾಸಗಿ ಪಾಲುದಾರ ತನ್ನ ಹಣ ಹಾಕುತ್ತಾನೆ, ಅದನ್ನು ಮಳಿಗೆಯ ಬಾಡಿಗೆಯಿಂದ, ಪಾರ್ಕಿಂಗ್ ಶುಲ್ಕದಿಂದ ಹಿಂಪಡೆಯುತ್ತಾನೆ. ಅದು ಅವನ ತಪ್ಪಲ್ಲ, ವ್ಯಾಪಾರದ ಸ್ವಭಾವ. ಆದರೆ ಹತ್ತು ರೂಪಾಯಿ ಟಿಕೆಟಿನ ಬಸ್ ಪ್ರಯಾಣಿಕ ಅವನ ಲೆಕ್ಕಪುಸ್ತಕದ ಯಾವ ಕಾಲಮ್ಮಿನಲ್ಲೂ ಬರುವುದಿಲ್ಲ. ಬಸ್ಸು ಚೆನ್ನಾಗಿ ಓಡಿದಷ್ಟೂ ಪಾರ್ಕಿಂಗಿನ ಗಿರಾಕಿ ಕಡಿಮೆಯಾಗುತ್ತಾನೆ ಎಂಬುದನ್ನೂ ಗಮನಿಸಬೇಕು. ಶಿಕಾಗೋ ನಗರ 2008ರಲ್ಲಿ ತನ್ನ ಸುಮಾರು 36,000 ಪಾರ್ಕಿಂಗ್ ಮೀಟರುಗಳನ್ನು 75 ವರ್ಷಗಳ ಅವಧಿಗೆ 115 ಕೋಟಿ ಡಾಲರಿಗೆ ಖಾಸಗಿಯವರಿಗೆ ಕೊಟ್ಟಿತು. ಮರುವರ್ಷವೇ ಆ ನಗರದ ತನಿಖಾಧಿಕಾರಿಯ ವರದಿ, ಹೆಚ್ಚುಕಡಿಮೆ 97 ಕೋಟಿ ಡಾಲರಿನಷ್ಟು ಕಡಿಮೆ ಬೆಲೆಗೆ ಮಾರಿದಿರಿ ಎಂದಿತು. ಹಣಕ್ಕಿಂತ ದೊಡ್ಡ ಪೆಟ್ಟು ಬೇರೆಯೇ ಇತ್ತು. ಬಸ್ಸಿನ ಪಥಕ್ಕಾಗಿಯೋ, ಬೀದಿಯ ಹಬ್ಬಕ್ಕಾಗಿಯೋ ನಗರ ತನ್ನದೇ ರಸ್ತೆಯಿಂದ ಮೀಟರು ತೆಗೆದರೆ ಕಂಪೆನಿಗೆ ಪರಿಹಾರ ಕೊಡಬೇಕಾಯಿತು. ಹಂಪನಕಟ್ಟೆಯ ಕರಾರಿನಲ್ಲಿ ಅಂಥ ಷರತ್ತು ಇದೆಯೆಂದು ನಾವು ಹೇಳುತ್ತಿಲ್ಲ. ಇಂಥ ಕರಾರು ಯಾವುದೇ ಇರಲಿ, ಸಹಿ ಬೀಳುವ ಮೊದಲು ಜನರಿಗೆ ಕನ್ನಡದಲ್ಲಿ ಓದಲು ಸಿಗಬೇಕು ಎನ್ನುತ್ತಿದ್ದೇವೆ.

ನಮ್ಮ ನೆರೆಯ ಕೊಚ್ಚಿಯಿಂದ ಕಲಿಯಲು ಇನ್ನೂ ಹೆಚ್ಚಿದೆ. ಅಲ್ಲಿಯೂ ನಗರದ ಬಸ್ಸುಗಳು ಬಹುಪಾಲು ಖಾಸಗಿ, ಅಲ್ಲಿಯೂ ಮಳೆ, ಹಿನ್ನೀರು, ಇಕ್ಕಟ್ಟಾದ ಹಳೆಯ ಪೇಟೆ. ವೈಟ್ಟಿಲದಲ್ಲಿ 2011ರ ಫೆಬ್ರವರಿಯಲ್ಲಿ ಮೊಬಿಲಿಟಿ ಹಬ್ ಎಂಬ ಹೆಸರಿನಲ್ಲಿ ಒಂದು ದೊಡ್ಡ ಬಸ್ ನಿಲ್ದಾಣ ಆರಂಭವಾಯಿತು. ಆಗ ಅಲ್ಲಿ ಮೆಟ್ರೋ ಇರಲಿಲ್ಲ. ಊರಾಚೆ ಬೈಪಾಸಿನಲ್ಲಿ ಇದೇಕೆ ಎಂದು ಗೊಣಗಿದವರೂ ಇದ್ದರು. ಆದರೆ ಜಾಗ ಹಿಡಿದಿಟ್ಟಿದ್ದರು. 2019ರ ಸೆಪ್ಟೆಂಬರಿನಲ್ಲಿ ಅದರ ಪಕ್ಕಕ್ಕೇ ಮೆಟ್ರೋ ಬಂತು. 2023ರ ಏಪ್ರಿಲಿನಲ್ಲಿ ವಾಟರ್ ಮೆಟ್ರೋ ದೋಣಿ ಬಂತು, ವೈಟ್ಟಿಲದಿಂದ ಕಾಕ್ಕನಾಡಿಗೆ. ಬಸ್ಸು, ರೈಲು, ದೋಣಿ ಮೂರೂ ಒಂದೇ ಅಂಗಳದಲ್ಲಿ. ಹನ್ನೆರಡು ವರ್ಷ ಹಿಡಿಯಿತು ಎಂದು ನಗಬೇಕಾಗಿಲ್ಲ. ಪಂಪ್‌ವೆಲ್ ಮೇಲ್ಸೇತುವೆಯೊಂದಕ್ಕೇ ನಾವು ಸುಮಾರು ಒಂದು ದಶಕ ಕಾದವರು. ಅದು ತೆರೆದದ್ದು 2020ರ ಜನವರಿ 31ರಂದು.

ಪಂಪ್‌ವೆಲ್ ಮಾತು ಬಂದದ್ದರಿಂದ ಯೋಜನೆಯೊಳಗಿನ ವಿರೋಧಾಭಾಸವನ್ನೂ ಹೇಳಿಬಿಡಬೇಕು. ಎರಡು ರಾಷ್ಟ್ರೀಯ ಹೆದ್ದಾರಿಗಳು, 66 ಮತ್ತು 75, ಸೇರುವ ಜಾಗ ಅದು. ಬಿ.ಸಿ.ರೋಡ್ ಕಡೆಯಿಂದ, ತೊಕ್ಕೊಟ್ಟು ಕಡೆಯಿಂದ ಬರುವ ಕಾರುಗಳನ್ನು ಅಲ್ಲೇ ಕಡಿಮೆ ಶುಲ್ಕದಲ್ಲಿ ನಿಲ್ಲಿಸಿಕೊಂಡು, ಜನರನ್ನು ಬಸ್ಸಿನಲ್ಲಿ ಪೇಟೆಯೊಳಗೆ ಕಳುಹಿಸುವುದು ಎಲ್ಲ ನಗರಗಳೂ ಬಯಸುವ ವ್ಯವಸ್ಥೆ. ನಾವು ಮಾಡಹೊರಟದ್ದು ಇದಕ್ಕೆ ತಿರುಗುಮುರುಗು. ಕಾರುಗಳಿಗೆ ಪೇಟೆಯ ನಟ್ಟನಡುವೆ ಮನೆ ಕಟ್ಟಿ, ಬಸ್ಸುಗಳನ್ನು ಪೇಟೆಯ ಹೊರಗೆ ಪಂಪ್‌ವೆಲ್‌ಗೆ ಕಳುಹಿಸುವ ಯೋಚನೆ. ದೂರದೂರಿನ ಬಸ್ಸುಗಳು ಹೊರಗೆ ನಿಲ್ಲುವುದಕ್ಕೆ ನಮ್ಮ ಆಕ್ಷೇಪವಿಲ್ಲ, ಬೆಂಗಳೂರಿಗೆ, ಮುಂಬಯಿಗೆ ಹೋಗುವವನು ಪಂಪ್‌ವೆಲ್‌ಗೆ ಬಂದು ಹತ್ತಲಿ. ಆದರೆ ಮೂಡಬಿದ್ರೆಯಿಂದ, ಬಂಟ್ವಾಳದಿಂದ ದಿನವೂ ಬಂದು ಹೋಗುವ ಸರ್ವಿಸ್ ಬಸ್ಸಿನವರನ್ನು ಹೊರಗೆ ಇಳಿಸಿದರೆ ಅವರು ಇನ್ನೊಂದು ಟಿಕೆಟು ಕೊಳ್ಳಬೇಕು, ಅರ್ಧ ಗಂಟೆ ಕಳೆದುಕೊಳ್ಳಬೇಕು. ಎರಡು ದಿನ ಹಾಗೆ ಮಾಡಿದವನು ಮೂರನೆಯ ದಿನ ಸಾಲ ಮಾಡಿಯಾದರೂ ಬೈಕು ಕೊಳ್ಳುತ್ತಾನೆ. ಮತ್ತೆ ಆ ಬೈಕಿಗೆ ಪಾರ್ಕಿಂಗ್ ಎಲ್ಲಿ?

ಈ ಎಲ್ಲವನ್ನೂ ಒಟ್ಟಾಗಿ ನೋಡುವವರು ಯಾರು ಎಂದು ಹುಡುಕಿದರೆ ಯಾರೂ ಸಿಗುವುದಿಲ್ಲ. ಜಾಗ ಪಾಲಿಕೆಯದ್ದು. ಕಟ್ಟಡದ ಯೋಜನೆ ಸ್ಮಾರ್ಟ್ ಸಿಟಿ ಕಂಪೆನಿಯದ್ದು. ಬಸ್ಸಿನ ಪರವಾನಗಿ, ಟೈಮಿಂಗ್ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ್ದು. ಬಸ್ಸು ಎಲ್ಲಿ ತಿರುಗಬೇಕೆಂಬುದು ಸಂಚಾರಿ ಪೊಲೀಸರದ್ದು. ಮೇಲ್ಸೇತುವೆ ಹೆದ್ದಾರಿ ಪ್ರಾಧಿಕಾರದ್ದು. ರೈಲು ನಿಲ್ದಾಣದ ಅಂಗಳ ರೈಲ್ವೆಯದ್ದು. ಬೆಂಗಳೂರಿಗಾದರೆ ಇಂಥ ಇಲಾಖೆಗಳನ್ನು ಒಂದೇ ಮೇಜಿಗೆ ತರಲು 2022ರಲ್ಲಿ ಭೂಸಾರಿಗೆ ಪ್ರಾಧಿಕಾರದ ಕಾಯ್ದೆ ಬಂತು. ಅದು ಬೆಂಗಳೂರು ಮಹಾನಗರಕ್ಕೆ ಮಾತ್ರ. 2011ರ ಜನಗಣತಿಯಲ್ಲೇ 4.8 ಲಕ್ಷ ದಾಟಿದ, 60 ವಾರ್ಡುಗಳ ಮಂಗಳೂರಿಗೂ ಅಂಥ ಮೇಜೊಂದು ಬೇಕು. ನಾಗರಿಕರು ಹೈಕೋರ್ಟಿನ ಬಾಗಿಲು ತಟ್ಟಿದ ಮೇಲೆಯೇ ಇಲ್ಲಿ ವಾರ್ಡ್ ಸಮಿತಿಗಳು ರಚನೆಯಾದವು ಎಂಬುದನ್ನು ನೆನೆದರೆ ಅದೂ ತಾನಾಗಿ ಬರುವುದಿಲ್ಲ ಎಂದು ಊಹಿಸಬಹುದು.

ನಮ್ಮ ಅಭಿಪ್ರಾಯವನ್ನು ಮುಚ್ಚಿಡಬೇಕಾಗಿಲ್ಲ. ಹಂಪನಕಟ್ಟೆಯ ಕಟ್ಟಡದ ನೆಲಮಟ್ಟ ಸಿಟಿ ಬಸ್ಸಿಗೆ ಸಿಗಬೇಕು. ಎಲ್ಲ ಬಸ್ಸುಗಳೂ ಅಲ್ಲಿ ತಂಗಬೇಕೆಂದಲ್ಲ, ಅದಕ್ಕೆ ಜಾಗವಿಲ್ಲ. ಬಂದು, ಇಳಿಸಿ, ಹತ್ತಿಸಿ ಹೋಗಲು ನಾಲ್ಕೈದು ಬಸ್ಸುಗಳ ಒಂದು ಸೂರು ಸಾಕು. ಶೌಚಾಲಯ, ಕುಡಿಯುವ ನೀರು, ಗಾಲಿಕುರ್ಚಿ ಏರುವ ಇಳಿಜಾರು, ಕೂರಲು ಬೆಂಚು. ಅಲ್ಲಿಂದ ಆಸ್ಪತ್ರೆಗಳಿಗೆ ಮತ್ತು ರೈಲು ನಿಲ್ದಾಣಕ್ಕೆ ಮಾಡು ಇರುವ ಕಾಲುದಾರಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಮಾಡು ಎಂಬುದು ಶೋಕಿಯ ವಸ್ತುವಲ್ಲ. ಮೇಲಿನ ಮಹಡಿಗಳಲ್ಲಿ ಕಾರು ನಿಲ್ಲಲಿ, ಆದರೆ ಅಷ್ಟೇ ಸಂಖ್ಯೆಯ ಕಾರುಗಳನ್ನು ಸುತ್ತಲಿನ ರಸ್ತೆಗಳಿಂದ ತೆಗೆಯುವ ಆದೇಶ ಕಟ್ಟಡ ತೆರೆಯುವ ದಿನವೇ ಹೊರಡಲಿ. ದ್ವಿಚಕ್ರ ವಾಹನಗಳಿಗೆ ಪಾಲು ಹೆಚ್ಚಿರಲಿ, ಏಕೆಂದರೆ ಪೇಟೆಯಲ್ಲಿ ಕೆಲಸ ಮಾಡುವವರ ವಾಹನ ಅದು. ರಿಕ್ಷಾದವರನ್ನು ಮರೆತು ಮಾಡಿದ ಯಾವ ಯೋಜನೆಯೂ ನಮ್ಮ ಊರಿನಲ್ಲಿ ಎರಡು ದಿನ ಬಾಳುವುದಿಲ್ಲ, ಅವರ ಪಾರ್ಕು ಬಸ್ಸಿನ ಬಾಗಿಲ ಹತ್ತಿರವೇ ಬೇಕು. ಕರಾರಿನ ನೆಪ ಹೇಳಿ ನೆಲಮಟ್ಟ ಮಳಿಗೆಗಳಿಗೇ ಎಂದರೆ, ಆ ಕರಾರನ್ನು ಮತ್ತೆ ಮಾತನಾಡುವುದು ಪಾಲಿಕೆಗೆ ಕಷ್ಟವಾಗಬಹುದು, ಅಸಾಧ್ಯವಲ್ಲ.

ಇಷ್ಟು ಬರೆದ ಮೇಲೆ ನಮ್ಮ ಅಂಗಳವನ್ನು ನೋಡದೆ ಇದ್ದರೆ ತಪ್ಪಾದೀತು. ಹಂಪನಕಟ್ಟೆಯಲ್ಲೇ 1680ರಲ್ಲಿ ಸ್ಥಾಪನೆಯಾದ ಮಿಲಾಗ್ರಿಸ್ ಚರ್ಚ್ ಇದೆ, ಸ್ಟೇಟ್ ಬ್ಯಾಂಕಿಗೆ ಹತ್ತಿರವೇ ರೊಸಾರಿಯೊ ಕೆಥೆಡ್ರಲ್ ಇದೆ. ನಗರದಲ್ಲಿ ನಮ್ಮ ಶಾಲೆಗಳು, ಕಾಲೇಜುಗಳು, ಸಭಾಭವನಗಳು ಬಹಳ. ಮದುವೆಯ ಋತುವಿನಲ್ಲಿ ರೋಸ್, ರಿಸೆಪ್ಷನ್ ಇರುವ ಸಂಜೆ ಸಭಾಭವನಗಳ ಮುಂದೆ ರಸ್ತೆಯ ಎರಡೂ ಬದಿ ನಿಲ್ಲುವ ಕಾರುಗಳು ಯಾರವು? ಶಾಲೆ ಬಿಡುವ ಹೊತ್ತಿಗೆ ಗೇಟಿನೆದುರು ಬಸ್ಸನ್ನು ಕಾಯಿಸುವ ಕಾರುಗಳು ಯಾರವು? ನಾವೂ ಅದರಲ್ಲಿ ಕುಳಿತು ಹೋದವರೇ. ಭಾನುವಾರ ಪೂಜೆಯ ಹೊತ್ತಿಗೆ ತುಂಬುವ ನಮ್ಮ ಅಂಗಳಗಳು ವಾರದ ಉಳಿದ ದಿನ ಬಹುಮಟ್ಟಿಗೆ ಖಾಲಿ. ಸಮೀಪದ ಕಚೇರಿಯವರಿಗೆ, ಆಸ್ಪತ್ರೆಗೆ ಬರುವವರಿಗೆ ನಿಗದಿತ ಹೊತ್ತಿನಲ್ಲಿ ಅವನ್ನು ತೆರೆಯುವುದು ಸಾಧ್ಯವೇ ಎಂದು ಪೇಟೆಯ ಧರ್ಮಕೇಂದ್ರಗಳು ಯೋಚಿಸಬಹುದು. ತೊಡಕುಗಳಿವೆ. ಶವಸಂಸ್ಕಾರದ ಪೂಜೆ ಮೊದಲೇ ತಿಳಿಸಿ ಬರುವುದಿಲ್ಲ, ಆ ದಿನ ಜಾಗ ತೆರವಾಗಬೇಕು. ಮಕ್ಕಳು ಆಡುವ ಜಾಗಕ್ಕೆ ವಾಹನ ನುಗ್ಗಬಾರದು. ಕಾರಿಗೆ ಗೀರು ಬಿದ್ದರೆ ಹೊಣೆ ಯಾರದು, ಶುಲ್ಕ ಪಡೆದರೆ ಅದು ಯಾವ ಲೆಕ್ಕಕ್ಕೆ, ಗೇಟು ಹಾಕುವ ಹೊತ್ತು ಯಾವುದು ಎಂಬುದನ್ನೆಲ್ಲ ಪಾಲನಾ ಪರಿಷತ್ತುಗಳು ಬರೆದಿಟ್ಟುಕೊಳ್ಳಬೇಕು. ಸಭಾಭವನ ಗೊತ್ತುಮಾಡುವವರಿಗೆ ಕೊಡುವ ನಿಯಮಗಳ ಹಾಳೆಯಲ್ಲಿ ಅಡುಗೆ, ಬ್ಯಾಂಡು, ರಾತ್ರಿ ಹತ್ತರ ನಂತರದ ಮೈಕು ಎಲ್ಲವೂ ಇರುತ್ತವೆ. ಅದೇ ಹಾಳೆಯಲ್ಲಿ ಅತಿಥಿಗಳ ವಾಹನ ಎಲ್ಲಿ ನಿಲ್ಲಬೇಕು, ಬಸ್ ತಂಗುದಾಣದೆದುರು ನಿಲ್ಲಿಸಿದರೆ ಠೇವಣಿಯಿಂದ ಎಷ್ಟು ಕಳೆಯಲಾಗುವುದು ಎಂಬ ಎರಡು ಸಾಲು ಸೇರಿಸಲು ಯಾರ ಮಂಜೂರಾತಿಯೂ ಬೇಕಿಲ್ಲ.